ಎರಡಾಗಿ ಕಂಡ ಗಿಡುಗ

ಹರಿದ ಬಟ್ಟೆ ಹಿಡಿದು ಆ ಬೀದಿಗೆ ಬಂದವರು ಯಾರೂ ಅಂಗಡಿಯ ಹೆಸರು ಕೇಳುತ್ತಿರಲಿಲ್ಲ. ರಫೂ ಅಕ್ಕ ಎಲ್ಲಿ ಕೂತಿರ್ತಾರೆ ಎಂದು ಕೇಳುತ್ತಿದ್ದರು. ಚಪ್ಪಲಿ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಮರೆತು ಬಿಟ್ಟಂತಿದ್ದ ಒಂದು ಸಂದು ಅವಳ ಅಂಗಡಿ. ಗಿರಾಕಿ ಸ್ವಲ್ಪ ದಪ್ಪಗಿದ್ದರೆ ಮಾತುಕತೆ ಬೀದಿಯಲ್ಲೇ ಆಗಬೇಕು. ಇಲಿ ಕಡಿದ ಕೋಟು, ಸಿಗರೇಟಿನ ಕಿಡಿ ಬಿದ್ದು ತೂತಾದ ಪ್ಯಾಂಟು, ಮೊಳೆಗೆ ಸಿಕ್ಕಿ ಹರಿದ ರೇಷ್ಮೆ ಶಾಲು, ಏನೇ ತಂದರೂ ಅಕ್ಕ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಹರಿದ ಕಡೆ ಒಂದೊಂದೇ ಎಳೆಯನ್ನು ಮೇಲೆ ಕೆಳಗೆ ಹಾಯಿಸಿ ನೇಯ್ದುಬಿಡುವಳು. ಆಮೇಲೆ ಬಟ್ಟೆಯನ್ನು ಗಿರಾಕಿಯ ಮುಂದೆ ಹರವಿ, "ಎಲ್ಲಿ ಹರಿದಿತ್ತು ಅಂತ ನೀವೇ ತೋರಿಸಿ ನೋಡೋಣ" ಎನ್ನುವಳು. ತೋರಿಸಲಾಗದೆ ಸೋತು, ಇದು ನನ್ನ ಕೋಟೇ ಅಲ್ಲ, ಬದಲಾಯಿಸಿದ್ದೀರಿ ಎಂದು ಜಗಳಕ್ಕೆ ನಿಂತ ಮಹಾನುಭಾವರೂ ಇದ್ದರು.

ಹೀಗೆ ದಿನವಿಡೀ ಮೂಗಿನ ತುದಿಯಲ್ಲೇ ಲೋಕ ಕಾಣುತ್ತಿದ್ದ ಹೆಂಗಸು ಹಕ್ಕಿ ನೋಡುವ ಹುಚ್ಚಿಗೆ ಬಿದ್ದದ್ದು ಕನ್ನಡಕದ ಅಂಗಡಿಯವನ ದೆಸೆಯಿಂದ. "ಅಕ್ಕ, ಇಡೀ ದಿನ ಹತ್ತಿರದ್ದೇ ನೋಡಿ ನೋಡಿ ಕಣ್ಣು ಸುಸ್ತಾಗಿದೆ. ಬೆಳಗ್ಗೆ ಸ್ವಲ್ಪ ಹೊತ್ತು ದೂರ ನೋಡಿ" ಎಂದು ಅವನು ಹೇಳಿದ್ದನ್ನು ಅಕ್ಕ ಔಷಧಿಯ ಚೀಟಿಯಷ್ಟೇ ಗಂಭೀರವಾಗಿ ತೆಗೆದುಕೊಂಡಳು. ಮರುದಿನವೇ ನೀರಿನ ಪಂಪ್‌ಹೌಸ್ ಹಿಂದಿನ ಕೆರೆ ಏರಿಯ ಮೇಲೆ ಹೋಗಿ ನಿಂತು ದೂರ ನೋಡಿದಳು. ದೂರದಲ್ಲಿ ಏನೂ ಇರಲಿಲ್ಲ. ಆದರೂ ಹಟ ಬಿಡದೆ ನೋಡುತ್ತಲೇ ನಿಂತಳು.

ಅಲ್ಲಿಗೆ ದಿನವೂ ಹಕ್ಕಿ ನೋಡುವವರ ಒಂದು ಗುಂಪು ಬರುತ್ತಿತ್ತು. ಅದಕ್ಕೆ ಮುಖಂಡರು ನಿವೃತ್ತ ಹೆಡ್‌ಮೇಡಂ, ಶಾಲೆ ಬಿಟ್ಟರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ. ಅವರ ಬಲಗೈ ಒಬ್ಬ ಬಸ್ ಕಂಡಕ್ಟರ್. ದಿನವಿಡೀ ಕೂಗಿ ಕೂಗಿ ಅಭ್ಯಾಸವಾದ ಗಂಟಲು ಅವನದು. ಅವನು ಪಿಸುಗುಟ್ಟಿದರೂ ಆಚೆ ದಡದ ಬೆಳ್ಳಕ್ಕಿ ಹಾರಿಹೋಗುತ್ತಿತ್ತು, ಹಾಗಾಗಿ ಏರಿಯ ಮೇಲೆ ಅವನು ಕೈಸನ್ನೆಯಲ್ಲೇ ಮಾತಾಡಬೇಕೆಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಸುಮ್ಮನೆ ನಿಂತ ಅಕ್ಕನ ಕೈಗೆ ಮೇಡಂ ತಮ್ಮ ದುರ್ಬೀನನ್ನೇ ಕೊಟ್ಟು, "ಆ ಬಿದಿರು ಗಳದ ತುದಿ ನೋಡಿ" ಎಂದರು. ನೋಡಿದರೆ ಮಿಂಚುಳ್ಳಿ. ನೂರು ಬಣ್ಣದ ಎಳೆಗಳನ್ನು ಡಬ್ಬಿಯಲ್ಲಿಟ್ಟುಕೊಂಡವಳು, ನೀಲಿಯಲ್ಲಿ ತಾನು ಕಾಣದ ನೀಲಿ ಇಲ್ಲ ಎಂದುಕೊಂಡಿದ್ದವಳು, ಬಾಯಿ ತೆರೆದುಕೊಂಡು ನಿಂತುಬಿಟ್ಟಳು. ಹಕ್ಕಿ ಹಾರಿಹೋದ ಮೇಲೂ ಗಳವನ್ನೇ ನೋಡುತ್ತಿದ್ದಳಂತೆ.

ಅಂದಿನಿಂದ ಅವಳು ಮೇಡಂ ಶಾಲೆಯ ವಿದ್ಯಾರ್ಥಿನಿ. ಮೊದಲು ಬರಿಗಣ್ಣಿನಲ್ಲಿ ಹಕ್ಕಿಯನ್ನು ಹಿಡಿಯಬೇಕು, ಅದರ ಮೇಲಿಂದ ಕಣ್ಣು ಕೀಳದೆ ದುರ್ಬೀನನ್ನು ಕಣ್ಣಿಗೆ ತರಬೇಕು. ಇಲ್ಲದಿದ್ದರೆ ಎಲೆ ನೋಡಿಕೊಂಡು ಮನೆಗೆ ಹೋಗಬೇಕಾಗುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿಯಬೇಕು, ಆಗ ಕೈ ನಡುಗದು. ತುಂಬಾ ದೊಡ್ಡದು ಮಾಡಿ ತೋರಿಸುವ ದುರ್ಬೀನು ಕೊಂಡು ಮೆರೆಯಬಾರದು, ಅದು ಹಕ್ಕಿಯ ಜೊತೆ ನಮ್ಮ ಕೈನಡುಕವನ್ನೂ ದೊಡ್ಡದು ಮಾಡುತ್ತದೆ. ಚಿತ್ರದ ಪುಸ್ತಕ ಚೀಲದಲ್ಲಿರಲಿ, ಆದರೆ ಹಕ್ಕಿ ಎದುರಿಗಿರುವಾಗ ಪುಸ್ತಕ ತೆರೆದವರು ಕತ್ತೆಗಳು. ಹೀಗೆ ಸಾಗುತ್ತಿತ್ತು ಪಾಠ. ಕಂಡಕ್ಟರನ ಫೋನಿನಲ್ಲಿ ಕೂಗು ಕೇಳಿಸಿಕೊಂಡು ಹಕ್ಕಿಯ ಹೆಸರು ಹೇಳುವ ಒಂದು ಆ್ಯಪ್ ಇತ್ತು. ಅದು ಒಳ್ಳೆಯದೇ, ಆದರೆ ಒಮ್ಮೆ ಪಂಪ್‌ಹೌಸಿನ ಎಣ್ಣೆ ಕಾಣದ ಗೇಟನ್ನು ಯಾವುದೋ ಅಪರೂಪದ ಹಕ್ಕಿ ಎಂದು ಹೇಳಿ ಇಡೀ ಗುಂಪನ್ನು ಪೊದೆಯಲ್ಲಿ ಹುಡುಕಾಡಿಸಿತ್ತು. ಅಂದಿನಿಂದ ಮೇಡಂ ಅದರ ಮಾತನ್ನು ಎರಡನೆಯ ಸಾಕ್ಷಿ ಇಲ್ಲದೆ ನಂಬುತ್ತಿರಲಿಲ್ಲ.

ಅಕ್ಕ ತನ್ನದೇ ಒಂದು ದುರ್ಬೀನು ಕೊಂಡಳು. ಅದಕ್ಕೆ ಮೆತ್ತನೆಯ ಗವುಸು ಹೊಲಿದಳು, ಗಾಜು ಒರೆಸಲು ನೂರು ಸಲ ಒಗೆದು ಬೆಣ್ಣೆಯಾದ ಹತ್ತಿ ಬಟ್ಟೆ ಕತ್ತರಿಸಿಟ್ಟಳು, ಕುತ್ತಿಗೆ ನೋಯದಂತೆ ಎರಡೂ ಹೆಗಲಿಗೆ ಬರುವ ಪಟ್ಟಿ ಮಾಡಿಕೊಂಡಳು. ಅದನ್ನು ನೋಡಿ ಗುಂಪಿನವರೆಲ್ಲ ನಮಗೂ ಒಂದು, ನಮಗೂ ಒಂದು ಎಂದು ಮಾಡಿಸಿಕೊಂಡರು. ಮನೆಯಲ್ಲಿ ಆ ದುರ್ಬೀನನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಯಾರೂ ಎಂದರೆ ಯಜಮಾನರು, ಮನೆಯಲ್ಲಿದ್ದದ್ದು ಅವರಿಬ್ಬರೇ ತಾನೆ.

ಯಜಮಾನರು ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನವರು. ಪೆಟ್ಟಿಗೆ ತೂಗುವುದು, ಗಾಜಿನ ಸಾಮಾನಿದ್ದರೆ 'ಜೋಪಾನ' ಎಂಬ ಕೆಂಪು ಚೀಟಿ ಅಂಟಿಸುವುದು ಅವರ ಕೆಲಸ. ಹೆಂಡತಿಯ ಈ ಹೊಸ ವ್ಯವಹಾರದ ಬಗ್ಗೆ ಅವರಿಗೆ ಗೇಲಿ ಮಾಡಿದಷ್ಟೂ ಸಾಲದು. "ಕಾಗೆ ನೋಡೋಕೆ ಕೆರೆವರೆಗೂ ಹೋಗ್ಬೇಕಾ? ನಮ್ಮ ನೀರಿನ ಟ್ಯಾಂಕ್ ಮೇಲೆ ಬೇಕಾದಷ್ಟು ಕೂತಿವೆ" ಎನ್ನುತ್ತಿದ್ದರು. "ನಿಮ್ಮನ್ನ ನೋಡಿ ನೋಡಿ ಸಾಕಾಗಿ ಕಾಗೆ ನೋಡೋಕೆ ಹೋಗ್ತೀನಿ" ಎಂದು ಅಕ್ಕ ಲೋಟ ಕುಕ್ಕಿ ಹೊರಡುತ್ತಿದ್ದಳು.

ಎಲ್ಲ ಚೆನ್ನಾಗಿಯೇ ಇತ್ತು. ಒಂದು ದಿನ ಮೋಡವಿಲ್ಲದ ಆಕಾಶದಲ್ಲಿ, ಬಹಳ ಎತ್ತರದಲ್ಲಿ, ಗಿಡುಗವೊಂದು ರೆಕ್ಕೆ ಅಲುಗಿಸದೆ ಸುತ್ತುತ್ತಿತ್ತು. ಅಕ್ಕ ದುರ್ಬೀನು ಎತ್ತಿ, ಸಂತೋಷ ತಡೆಯಲಾರದೆ ಹೇಳಿದಳು:

"ಮೇಡಂ, ಜೋಡಿ! ಜೋಡಿ ಗಿಡುಗ! ಒಂದರ ಮೇಲೊಂದು!"

ಎಲ್ಲರ ದುರ್ಬೀನೂ ಮೇಲೆ ಹೋಯಿತು. "ಎಲ್ಲಿ? ಒಂದೇ ಇದೆಯಲ್ಲ" ಎಂದರು ಮೇಡಂ.

"ಎರಡೂ ಒಟ್ಟೊಟ್ಟಿಗೆ ತಿರುಗ್ತಿವೆ ನೋಡಿ. ಇದು ಎಡಕ್ಕೆ ಹೋದ್ರೆ ಅದೂ ಎಡಕ್ಕೆ."

ಕಂಡಕ್ಟರ್ ಕಟ್ಟಪ್ಪಣೆ ಮರೆತು ಬಾಯಿಬಿಟ್ಟ. "ಅಷ್ಟೊಂದು ಹೊಂದಾಣಿಕೆ ಇದ್ರೆ ಅದು ಗಂಡ ಹೆಂಡ್ತಿ ಆಗಿರೋಕೆ ಸಾಧ್ಯವೇ ಇಲ್ಲ ಅಕ್ಕ!"

ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ನಗುತ್ತಲೇ ಒಂದು ಕಣ್ಣು ಮುಚ್ಚಿದಳು. ಮೇಲಿನ ಗಿಡುಗ ಮಾಯವಾಯಿತು. ಕಣ್ಣು ತೆರೆದಳು, ಬಂತು. ಮತ್ತೊಮ್ಮೆ ಮುಚ್ಚಿ ತೆರೆದಳು, ಹಾಗೇ ಆಯಿತು. "ಹೌದು, ಒಂದೇ. ನಂದೇ ಭ್ರಮೆ" ಎಂದು ದುರ್ಬೀನನ್ನು ಇಳಿಸಿದಳು.

ಅಂಗಡಿಗೆ ಬಂದು ಸೂಜಿ ಹಿಡಿದರೆ ಸೂಜಿಯೂ ಎರಡು. ಸ್ವಲ್ಪ ಹೊತ್ತಿಗೆ ಅವು ಒಂದಕ್ಕೊಂದು ಸರಿದು ಕೂಡಿಕೊಂಡವು, ಆದರೆ ಹುಬ್ಬಿನ ನಡುವೆ ಸಣ್ಣ ನೋವು ಮಧ್ಯಾಹ್ನದವರೆಗೂ ಉಳಿಯಿತು. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ.

ಅಕ್ಕ ಯಾಕೆ ಅಷ್ಟು ಹೆದರಿದಳು ಎಂಬುದು ಅವಳ ತಾಯಿಯನ್ನು ಕಂಡವರಿಗೆ ಗೊತ್ತು. ಆ ತಾಯಿಯೂ ರಫೂ ಮಾಡುತ್ತಿದ್ದವಳೇ, ಮಗಳ ಕೈಗೆ ಸೂಜಿ ಕೊಟ್ಟವಳೇ. ಒಂದು ಸಂಜೆ "ಇದೇನೇ, ಎರಡು ದೀಪ ಹಚ್ಚಿದ್ದೀಯ?" ಎಂದು ಕೇಳಿದ್ದಳು. ಹಚ್ಚಿದ್ದದ್ದು ಒಂದೇ. ಕೊನೆಯ ವರ್ಷಗಳಲ್ಲಿ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. ಮಡಿಲಲ್ಲಿ ಯಾವಾಗಲೂ ಒಂದು ಚಿಂದಿ ಬಟ್ಟೆ ಇಟ್ಟುಕೊಂಡು ಅದರ ಎಳೆಗಳನ್ನು ಬೆರಳಲ್ಲೇ ಲೆಕ್ಕ ಹಾಕುತ್ತಾ ಕೂರುತ್ತಿದ್ದಳು. ಆ ಕೂತ ಭಂಗಿ ಅಕ್ಕನ ಕಣ್ಣಿಗೆ ಕಟ್ಟಿದಂತಿತ್ತು. ಈಗ ನನ್ನ ಸರದಿ ಬಂತು ಎಂದು ಅವಳು ತೀರ್ಮಾನಿಸಿಯೇಬಿಟ್ಟಳು.

ಯಾರಿಗೂ ಹೇಳಲಿಲ್ಲ. ಕಪ್ಪು ಬಟ್ಟೆ ತಂದವರಿಗೆ ಬಹಳ ಕೆಲಸ ಇದೆ ಎಂದು ಸಾಗಹಾಕಿದಳು, ಯಾಕೆಂದರೆ ಕಪ್ಪಿನ ಮೇಲೆ ಕಪ್ಪು ಎಳೆ ಕಾಣಲು ಬೇರೆಯೇ ಕಣ್ಣು ಬೇಕು. ಏರಿಯ ಮೇಲೆ ಒಂದು ಕಣ್ಣು ಮುಚ್ಚಿ ನೋಡುವುದನ್ನು ಅಭ್ಯಾಸ ಮಾಡಿಕೊಂಡಳು. ಗುಂಪಿಗೆ ಹೊಸದಾಗಿ ಸೇರಿದ್ದ ಔಷಧಿ ಅಂಗಡಿಯ ಹುಡುಗಿ, "ಅಕ್ಕ, ನೀವು ಹಕ್ಕಿಗೆ ಕಣ್ಣು ಹೊಡೀತಿದ್ದೀರಾ?" ಎಂದು ಕೇಳಿದಾಗ ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ದುರ್ಬೀನನ್ನು ಇಳಿಸಿ ಗಾಜು ಒರೆಸತೊಡಗಿದಳು. ಮೊದಲಾಗಿದ್ದರೆ ಆ ಹುಡುಗಿಗೆ ಸರಿಯಾದ ಉತ್ತರ ಸಿಗುತ್ತಿತ್ತು.

ಕೊನೆಗೆ ಒಂದು ಸಂಜೆ ಅಂಗಡಿ ಬೇಗ ಮುಚ್ಚಿ ಕಣ್ಣಿನ ಡಾಕ್ಟರ ಬಳಿ ಹೋದಳು. ಅವರು ಬೆಳಕು ಬಿಟ್ಟು ನೋಡಿದರು, ಅಕ್ಷರ ಓದಿಸಿದರು, ಬೆರಳು ಆಡಿಸಿ ಹಿಂಬಾಲಿಸಲು ಹೇಳಿದರು. ಎಲ್ಲ ಸರಿಯಾಗಿತ್ತು.

"ಒಂದು ಕಣ್ಣು ಮುಚ್ಚಿದ್ರೆ ಒಂದೇ ಕಾಣುತ್ತಾ?" ಎಂದು ಕೇಳಿದರು.

"ಹೌದು ಡಾಕ್ಟ್ರೇ."

"ಹಾಗಾದ್ರೆ ಎರಡು ಕಣ್ಣಿನ ಹೊಂದಾಣಿಕೆ ತಪ್ತಾ ಇದೆ. ಕೆಲಸ ಏನು ಮಾಡ್ತೀರಿ?"

"ರಫೂ ಕೆಲಸ."

"ಅದು ಬಿಟ್ಟು ಕಣ್ಣಿಗೆ ಶ್ರಮ ಕೊಡುವಂಥದ್ದು ಬೇರೆ ಏನಾದ್ರೂ?"

ಇಲ್ಲೇ ನೋಡಿ ಅಕ್ಕ ಎಡವಿದ್ದು. ದುರ್ಬೀನಿನ ಮಾತೆತ್ತಿದರೆ ಅದನ್ನು ಬಿಡಿ ಎನ್ನುತ್ತಾರೆ. ದಿನದಲ್ಲಿ ಅವಳದು ಎಂದು ಇದ್ದದ್ದು ಆ ಬೆಳಗಿನ ಹೊತ್ತು ಒಂದೇ. "ಇನ್ನೇನೂ ಇಲ್ಲ" ಎಂದುಬಿಟ್ಟಳು. ಹಕ್ಕಿ ನೋಡುವವರಿಗಲ್ಲದೆ ಬೇರೆ ಯಾರಿಗೂ ಇಂಥ ಬುದ್ಧಿ ಬರಲಿಕ್ಕಿಲ್ಲ. ಡಾಕ್ಟರು ಹನಿ ಔಷಧಿ ಬರೆದುಕೊಟ್ಟು, ಒಂದು ವಾರ ವಿಶ್ರಾಂತಿ ತೆಗೆದುಕೊಳ್ಳಿ, ಮತ್ತೆ ಹಾಗೇ ಆದರೆ ತಲೆಯ ಸ್ಕ್ಯಾನ್ ಮಾಡಿಸಿಬಿಡೋಣ ಎಂದರು.

ವಾರವಿಡೀ ಕೆರೆಯ ಕಡೆ ತಲೆ ಹಾಕಲಿಲ್ಲ. ಎಲ್ಲ ಒಂದೊಂದೇ ಕಂಡವು, ತಲೆನೋವೂ ಇಲ್ಲ. ಹನಿ ಔಷಧಿಯ ಮಹಿಮೆ ಎಂದುಕೊಂಡಳು. ವಾರ ಕಳೆದ ಮೇಲೆ ಖುಷಿಯಿಂದ ಏರಿ ಹತ್ತಿ ದುರ್ಬೀನು ಎತ್ತಿದಳು. ನೀರಿನ ಆಚೆ ನಿಂತ ಒಂದು ಬೆಳ್ಳಕ್ಕಿಗೆ ಎರಡು ಕೊಕ್ಕು. ಅಂಗಡಿಗೆ ಹೋದರೆ ಮತ್ತೆ ಎರಡು ಸೂಜಿ. ಹಾಗಾದರೆ ರೋಗ ಹೋಗಿರಲಿಲ್ಲ, ಅಡಗಿ ಕೂತಿತ್ತು, ಅಷ್ಟೇ.

ಅಂದು ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದಳು. "ರೀ, ನನಗೆ ಅಮ್ಮನ ಹಾಗೇ ಆಗ್ತಿದೆ. ಒಂದಿದ್ದದ್ದು ಎರಡು ಕಾಣುತ್ತೆ. ಡಾಕ್ಟ್ರು ತಲೆ ಸ್ಕ್ಯಾನ್ ಮಾಡಿಸ್ಬೇಕು ಅಂದಿದ್ದಾರೆ."

ಯಜಮಾನರ ಕೈ ತಟ್ಟೆಯಲ್ಲೇ ನಿಂತಿತು. ಎದ್ದು ಕೈ ತೊಳೆದು ಬಂದು, ತೊಳೆದದ್ದು ಮರೆತು ಮತ್ತೆ ಹೋಗಿ ತೊಳೆದು ಬಂದರು. "ನಾಳಿದ್ದೇ ಹೋಗೋಣ. ನಾನು ರಜಾ ಹಾಕ್ತೀನಿ" ಎಂದರು. ಅವಳ ತಟ್ಟೆಯನ್ನೂ ತಾವೇ ಎತ್ತುತ್ತಾ, "ನಾನಿದ್ದೀನಲ್ಲ" ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಗೇಲಿ ಬೆರೆಯದ ಇಂಥ ಮಾತನ್ನು ಅಕ್ಕ ಕೇಳಿದ್ದು ಕಡಿಮೆ. ಅದರಿಂದ ಅವಳಿಗೆ ಇನ್ನಷ್ಟು ಭಯವಾಯಿತು.

ಉಳಿದಿರುವಷ್ಟು ಕಣ್ಣನ್ನು ಹೊಟ್ಟೆಪಾಡಿನ ಕೆಲಸಕ್ಕೆ ಕಾಪಾಡಿಕೊಳ್ಳಬೇಕು, ಹಕ್ಕಿಗಳ ಋಣ ತೀರಿತು ಎಂದು ಅವಳು ಗಟ್ಟಿ ಮನಸ್ಸು ಮಾಡಿದಳು. ಮಾರನೆಯ ಬೆಳಗ್ಗೆ ದುರ್ಬೀನನ್ನು ಒರೆಸಿ, ಗವುಸು ತೊಡಿಸಿ, ಏರಿಗೆ ತಂದು ಔಷಧಿ ಅಂಗಡಿಯ ಹುಡುಗಿಯ ಕೈಗೆ ಕೊಟ್ಟಳು. ಆ ಹುಡುಗಿ ಪಾಪ ಇನ್ನೂ ಎಲ್ಲರ ದುರ್ಬೀನು ಬೇಡಿ ಬೇಡಿ ನೋಡುತ್ತಿದ್ದಳು.

"ಇದು ನಿನಗೇ. ನನಗೆ ಇನ್ನು ಬೇಡ. ಗಾಜನ್ನ ಮಾತ್ರ ಸೆರಗಲ್ಲಿ ಗಿರಗಲ್ಲಿ ಒರೆಸಬೇಡ" ಎಂದಳು. ಪಟ್ಟಿಯನ್ನು ತಾನೇ ಹುಡುಗಿಯ ಹೆಗಲಿಗೆ ಹಾಕಿದಳು.

"ಯಾಕಕ್ಕ? ಏನಾಯ್ತು?"

"ನೋಡು ಮೊದಲು. ಅಲ್ಲಿ ಗಳದ ಮೇಲೆ ಕೂತಿದೆ."

ಹುಡುಗಿ ಮೊಣಕೈ ಪಕ್ಕೆಗೊತ್ತಿ, ಹೇಳಿಕೊಟ್ಟ ಹಾಗೇ ದುರ್ಬೀನು ಎತ್ತಿದಳು. ಗುಂಡಿ ತಿರುಗಿಸಿದಳು. ಮತ್ತೆ ತಿರುಗಿಸಿದಳು. ಕೆಳಗಿಳಿಸಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಕೊಟ್ಟ ಉಡುಗೊರೆಯಲ್ಲಿ ತಪ್ಪು ಹುಡುಕುವುದು ಹೇಗೆ ಎಂಬ ಸಂಕೋಚ ಅವಳಿಗೆ.

"ಅಕ್ಕ, ಬೇಜಾರು ಮಾಡ್ಕೋಬೇಡಿ. ನನಗೆ ನೋಡೋಕೆ ಬರಲ್ಲ ಅನ್ಸುತ್ತೆ. ಎರಡೆರಡು ಕಾಣ್ತಿದೆ."

"ಏನಂದೆ?"

"ಎರಡು ಹಕ್ಕಿ. ಒಂದರ ಮೇಲೊಂದು."

ಅಕ್ಕ ಅವಳ ತೋಳು ಹಿಡಿದಳು. "ಇನ್ನೊಂದ್ಸಲ ಹೇಳು!" ಎಂದು ಅವಳು ಅರಚಿದ ರಭಸಕ್ಕೆ ಗಳದ ಮೇಲಿನ ಹಕ್ಕಿ ಹಾರಿಹೋಯಿತು. ಸದ್ಯ, ಈ ಸಲ ಕಂಡಕ್ಟರನ ಮೇಲೆ ಆ ಅಪವಾದ ಬರಲಿಲ್ಲ.

ಅವನೇ ಮೊದಲು ದುರ್ಬೀನನ್ನು ಕಸಿದುಕೊಂಡದ್ದು. "ಅಯ್ಯೋ, ನನಗೂ ಎರಡು ಗಳ! ಏನ್ ಮೇಡಂ, ಗುಂಪಿಗೆಲ್ಲ ಕಣ್ಣಿನ ಕಾಯಿಲೆ ಅಂಟಿಬಿಡ್ತಾ?" ಮೇಡಂ ಅವನ ಕೈಯಿಂದ ತೆಗೆದುಕೊಂಡು ದುರ್ಬೀನನ್ನು ಏರಿಯ ಕಟ್ಟೆಯ ಮೇಲೆ ಊರಿ ಇಟ್ಟು, ಪಂಪ್‌ಹೌಸಿನ ಚಾವಣಿಯ ಅಂಚಿಗೆ ಗುರಿ ಮಾಡಿ, ಕಣ್ಣನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಎಡಗೊಳವೆಯಲ್ಲಿ ಚಾವಣಿಯ ಗೆರೆ ಒಂದೆಡೆ, ಬಲಗೊಳವೆಯಲ್ಲಿ ಅದಕ್ಕಿಂತ ಕೆಳಗೆ. ಅಷ್ಟರಲ್ಲಿ ಅಕ್ಕ ತಲೆನೋವು, ಎರಡು ಸೂಜಿ, ಸ್ಕ್ಯಾನ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಳು.

"ಒಳಗಿನ ಗಾಜು ಜರುಗಿದೆ ಕಣಮ್ಮಾ. ಎರಡು ಕೊಳವೆ ಎರಡು ಕಡೆ ನೋಡ್ತಿವೆ. ನಿನ್ನ ಕಣ್ಣು ಪಾಪ ಅವನ್ನ ಎಳೆದು ಎಳೆದು ಒಂದು ಮಾಡೋಕೆ ಒದ್ದಾಡಿದೆ. ಅದಕ್ಕೇ ತಲೆನೋವು, ಇಳಿಸಿದ ಮೇಲೂ ಸ್ವಲ್ಪ ಹೊತ್ತು ಎರಡು ಕಾಣೋದು. ಎಲ್ಲೋ ಜೋರಾಗಿ ಬಿದ್ದಿದೆ ಇದು" ಎಂದರು. ಆಮೇಲೆ, "ಇಷ್ಟು ದಿನ ಒಬ್ಬಳೇ ಒಳಗೊಳಗೇ ಬೇಯ್ತಿದ್ದೀಯಲ್ಲ, ಬಾಯಿ ಇರಲಿಲ್ವಾ ನಿನಗೆ?" ಎಂದು ಬೈಯತೊಡಗಿದರು. ಆ ಬೈಗುಳ ಅಕ್ಕನ ಕಿವಿಗೆ ಜೇನು ಸುರಿದಂತಿತ್ತು. ಅದು ಯಾವಾಗ ಬಿತ್ತೋ ಅವಳಿಗೆ ಗೊತ್ತಿರಲಿಲ್ಲ, ಆಗ ಅದು ಬೇಕಾಗಿಯೂ ಇರಲಿಲ್ಲ.

ಅಕ್ಕ ಏರಿ ಇಳಿದವಳು ಸೀದಾ ಹೋದದ್ದು ಕಣ್ಣಿನ ಡಾಕ್ಟರ ಬಳಿ. ದುರ್ಬೀನನ್ನು ಅವರ ಮೇಜಿನ ಮೇಲಿಟ್ಟು, "ಇದರ ವಿಷಯ ನಿಮಗೆ ಹೇಳಿರಲಿಲ್ಲ" ಎಂದಳು. ಅವರು ಕಿಟಕಿಯಿಂದ ಅದರಲ್ಲಿ ಎದುರು ಮನೆಯ ಮಹಡಿ ನೋಡಿದರು. ಕೆಳಗಿಳಿಸಿದರು. ತಮ್ಮ ಹುಬ್ಬಿನ ನಡುವೆ ತಾವೇ ಒತ್ತಿಕೊಂಡರು.

"ಇದನ್ನ ದಿನಾ ನೋಡ್ತಿದ್ರಾ? ನಾನು ಒಂದು ನಿಮಿಷ ನೋಡಿದ್ದಕ್ಕೇ ನನಗೇ ಈಗ ಸ್ಕ್ಯಾನ್ ಬೇಕು ಅನ್ನಿಸ್ತಿದೆ" ಎಂದರು. ಮತ್ತೆ ಪರೀಕ್ಷೆ ಮಾಡಿದರು, ಈ ಸಲ ಅವಸರವಿಲ್ಲದೆ, ತಾಯಿಯ ಕಥೆಯನ್ನೂ ಕೇಳಿ. ತಾಯಿಗೆ ಇದ್ದದ್ದರ ಗುರುತು ಅವಳ ಕಣ್ಣಲ್ಲಿ ಇಲ್ಲ, ಕಣ್ಣು ಗಟ್ಟಿಮುಟ್ಟಾಗಿದೆ, ಸ್ಕ್ಯಾನ್ ಬೇಡ, ವರ್ಷಕ್ಕೊಮ್ಮೆ ಬಂದು ತೋರಿಸಿ ಸಾಕು ಎಂದರು.

ಹೊರಗೆ ಬಂದರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬೀದಿಯಲ್ಲಿ ಕಂಡದ್ದನ್ನೆಲ್ಲ ಕಣ್ತುಂಬ ನೋಡಿಕೊಂಡು ನಡೆದಳು. ಒಂದು ಸೈಕಲ್ಲು. ಒಂದು ನಾಯಿ. ಮಹಡಿಯ ತಂತಿಯ ಮೇಲೆ ಒಣಗಲು ಹಾಕಿದ ಒಂದು ಕಾಲುಚೀಲ, ಅದರ ಹಿಮ್ಮಡಿಯಲ್ಲಿ ಯಾರೋ ಅರೆಬರೆ ತಿಳಿದವರು ಹಾಕಿದ ತೇಪೆ. ಅಷ್ಟು ಕೆಟ್ಟ ತೇಪೆ ನೋಡಿ ಅವಳಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನ ಮುಂದೆ ಸಾಲಿತ್ತು. ಸಾಲನ್ನು ದಾಟಿ ಬಂದ ಹೆಂಡತಿಯನ್ನು ಕಂಡದ್ದೇ ಯಜಮಾನರು ಎದ್ದು ನಿಂತರು. ಅವರ ಬೆರಳಿಗೆ ಅಂಟಿಸದ ಕೆಂಪು ಚೀಟಿ ಅಂಟಿಕೊಂಡಿತ್ತು.

"ಏನಾಯ್ತು? ನೀನ್ಯಾಕೆ ಬಂದೆ?"

"ಕಣ್ಣಿಗೆ ಏನೂ ಆಗಿಲ್ಲ ರೀ! ಡಾಕ್ಟ್ರು ಈಗಷ್ಟೇ ನೋಡಿದ್ರು. ಕೆಟ್ಟಿರೋದು ದುರ್ಬೀನು. ಎಲ್ಲೋ ಬಿದ್ದು ಒಳಗಿನ ಗಾಜು ಜರುಗಿದೆ ಅಂತೆ. ನಾನಂತೂ ಬೀಳಿಸಿಲ್ಲ, ಅದು ಹೇಗೆ..."

ಯಜಮಾನರ ಮುಖ ಮೊದಲು ಅರಳಿತು, ಆಮೇಲೆ ಬಿಳಿಚಿಕೊಂಡಿತು. ಅಕ್ಕ ಮಾತು ನಿಲ್ಲಿಸಿದಳು.

"ಟ್ಯಾಂಕಿನ ಏಣಿ ಮೇಲಿಂದ ಬಿತ್ತು" ಎಂದರು ಅವರು, ತಕ್ಕಡಿಯನ್ನು ನೋಡುತ್ತಾ. "ಗಾಜು ಒಡೆದಿರಲಿಲ್ಲ. ಒಡೆದಿಲ್ಲ ಅಂದ್ಮೇಲೆ ಏನೂ ಆಗಿಲ್ಲ ಅಂದ್ಕೊಂಡು ಒರೆಸಿ ಇಟ್ಟೆ."

"ನೀವು? ಏಣಿ ಮೇಲೆ ಅದನ್ನ ಇಟ್ಕೊಂಡು ಏನ್ ಮಾಡ್ತಿದ್ರಿ?"

ಯಜಮಾನರು ಒಮ್ಮೆ ಸಾಲನ್ನು ನೋಡಿದರು. ಸಾಲು ಕಿವಿಯಾಗಿ ನಿಂತಿತ್ತು. "ನೀನು ದಿನಾ ಬಂದು ಅದು ಹಾಗಿತ್ತು ಇದು ಹೀಗಿತ್ತು ಅಂತ ಹೇಳ್ತಿದ್ಯಲ್ಲ. ಅದೇನು ಅಂಥದ್ದು ಅಂತ ನೋಡೋಣ ಅನ್ನಿಸ್ತು. ಕೇಳಿದ್ರೆ ನೀನು ಆಡ್ಕೊಳ್ತಿದ್ದೆ."

ಸಾಲಿನಲ್ಲಿ ಮೊದಲಿದ್ದ ಮುದುಕರು ತಕ್ಕಡಿಯ ಮೇಲಿಟ್ಟಿದ್ದ ತಮ್ಮ ಪೆಟ್ಟಿಗೆಯನ್ನು ಮೆಲ್ಲಗೆ ವಾಪಸ್ಸು ಎಳೆದುಕೊಂಡರು. "ಒಳಗೆ ಗಾಜಿನ ಸಾಮಾನಿದೆ. ನಾನು ಪಕ್ಕದ ಕೌಂಟರಿಗೆ ಹೋಗ್ತೀನಿ" ಎಂದರು.

ಅಕ್ಕನಿಗೆ ನಗು ಬಂತು. ನಗು ಎಲ್ಲಿ ಮುಗಿಯಿತೋ ಅಳು ಎಲ್ಲಿ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ. ಕೌಂಟರಿನ ಅಂಚು ಹಿಡಿದು, ಅಷ್ಟು ಜನರ ಎದುರು, ಧಾರಾಕಾರವಾಗಿ ಅತ್ತಳು. ಈ ಮೊದಲು ಅಳು ಬಂದಾಗಲೆಲ್ಲ ಕಣ್ಣು ಕೆಡುತ್ತದೆಂದು ಹಲ್ಲು ಕಚ್ಚಿ ನುಂಗಿಕೊಂಡಿದ್ದಳು.

"ಅಳಬೇಡ ಕಣೇ, ಕಣ್ಣಿಗೆ..." ಎಂದು ಯಜಮಾನರು ಗಾಬರಿಯಾಗಿ ಕೌಂಟರಿನ ಬಾಗಿಲು ತೆಗೆದು ಹೊರಗೆ ಬಂದರು.

"ಕಣ್ಣಿಗೆ ಏನೂ ಆಗಲ್ಲ. ಚೆನ್ನಾಗಿರೋ ಕಣ್ಣು" ಎಂದಳು ಅಕ್ಕ.

ಅವರು ಏನು ಮಾಡಬೇಕೆಂದು ತೋಚದೆ ತಮ್ಮ ಕರವಸ್ತ್ರ ಕೊಟ್ಟರು. ಆಮೇಲೆ ತಪ್ಪು ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ ಕೇಳಿದರು: "ಬೈಯಲ್ವಾ?"

"ಬೈತೀನಿ, ಬಿಡ್ತೀನಾ? ಆದ್ರೆ ಇವತ್ತೇ ಎಲ್ಲ ಬೈದು ಮುಗಿಸಬೇಕು ಅಂತೇನಿಲ್ಲ" ಎಂದು ಅಕ್ಕ ಮೂಗೊರೆಸಿಕೊಂಡಳು. "ಇನ್ನೂ ಬೇಕಾದಷ್ಟು ವರ್ಷ ಇದೆ."